ಮರೆವು ಮತ್ತು ಮನೆಯವರ ಹೊಣೆ

ಮನುಷ್ಯನು ಬಾಳಿನ ಅನೇಕ ಹೊಣೆಗಳಿಗೆ ಮುಂಚಿತವಾಗಿಯೇ ಸಿದ್ಧನಾಗುತ್ತಾನೆ. ಮಳೆಗಾಲಕ್ಕೆ ಮೊದಲು ಮನೆಯ ಹೆಂಚನ್ನು ಕೈಯಾಡಿಸುತ್ತಾನೆ. ಮಗಳ ಮದುವೆಗೆ ವರ್ಷಗಟ್ಟಲೆ ಕಾಸಿಗೆ ಕಾಸು ಕೂಡಿಸುತ್ತಾನೆ. ಆದರೆ ಮನೆಯ ಹಿರಿಯರ ಬುದ್ಧಿ ಮಂಕಾಗಿ, ಅವರು ಹಗಲಿರುಳೂ ಆರೈಕೆಯನ್ನು ಬೇಡುವ ಕಾಲ ಬಂದೀತೆಂದು ಯೋಚಿಸಿ ಅಣಿಯಾಗುವವರು ವಿರಳ. ಆ ಕಾಲ ಬಂದಾಗ ಮನೆಯವರು ದಿಗ್ಭ್ರಾಂತರಾಗುತ್ತಾರೆ. ಪ್ರೀತಿಯಿದ್ದರೂ ದಾರಿ ತಿಳಿಯದೆ ತಾವೂ ನೊಂದು, ಹಿರಿಯರನ್ನೂ ನೋಯಿಸುತ್ತಾರೆ.

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ಕನ್ನಡದಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಗಾದೆ ಅನುಭವದಿಂದ ಹುಟ್ಟಿದ್ದು ನಿಜ. ಆದರೆ ಅದು ಒಂದು ತಪ್ಪು ತಿಳಿವಳಿಕೆಗೂ ಆಶ್ರಯ ಕೊಟ್ಟಿದೆ. ವಯಸ್ಸಾದವರೆಲ್ಲರಿಗೂ ಅರಳುಮರಳು ಬರುವುದಿಲ್ಲ. ನೆಂಟರ ಹೆಸರು ಕ್ಷಣಕಾಲ ನಾಲಿಗೆಗೆ ಬಾರದಿರುವುದು ಮುಪ್ಪಿನಲ್ಲಿ ಸಹಜ. ನಲವತ್ತು ವರ್ಷ ಕಾಫಿ ಮಾಡಿದ ಕೈಗೆ ಕಾಫಿ ಮಾಡುವ ಕ್ರಮವೇ ತಪ್ಪಿಹೋಗುವುದು ರೋಗದ ಲಕ್ಷಣ. ವೈದ್ಯರು ಇದನ್ನು ಡಿಮೆನ್ಷಿಯಾ ಎನ್ನುತ್ತಾರೆ. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಮುಖ್ಯವಾದದ್ದನ್ನು 1906ರಲ್ಲಿ ಜರ್ಮನಿಯ ವೈದ್ಯ ಆಲೋಯಿಸ್ ಆಲ್ಝೈಮರ್ ಮೊದಲಿಗೆ ವಿವರಿಸಿದನು. ಆ ರೋಗಕ್ಕೆ ಅವನ ಹೆಸರೇ ನಿಂತಿತು. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಸುಮಾರು 88 ಲಕ್ಷ ಮಂದಿಗೆ, ಅಂದರೆ ನೂರಕ್ಕೆ ಏಳಕ್ಕಿಂತ ಸ್ವಲ್ಪ ಹೆಚ್ಚು ಮಂದಿಗೆ, ಡಿಮೆನ್ಷಿಯಾ ಇದೆ. ಉಳಿದ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಅದು ಇಲ್ಲವೆಂಬುದೂ ಇದರಿಂದ ಸ್ಪಷ್ಟವಾಗುತ್ತದೆ. ಆದುದರಿಂದ ಅದು ವಯೋಧರ್ಮವಲ್ಲ, ರೋಗ. ವಯೋಧರ್ಮವೆಂದು ಭಾವಿಸಿದವರು ಸುಮ್ಮನಿರುತ್ತಾರೆ. ರೋಗವೆಂದು ಅರಿತವರು ಸಿದ್ಧತೆ ಮಾಡಿಕೊಳ್ಳುತ್ತಾರೆ.

ಕೋಲಾರದ ಚಿನ್ನದ ಗಣಿ ಪ್ರದೇಶವನ್ನು ನೋಡಿದರೆ ಈ ಮಾತಿನ ಮಹತ್ತ್ವ ಮನವರಿಕೆಯಾಗುತ್ತದೆ. ಆಂಡರ್ಸನ್‌ಪೇಟೆಯ ಮಗ್ಗುಲಲ್ಲಿರುವ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳವಾಗಿತ್ತು. ನೂರಿಪ್ಪತ್ತು ವರ್ಷ ನಡೆದ ಗಣಿಗಾರಿಕೆ 2001ರ ಫೆಬ್ರವರಿ 28ರಂದು ನಿಂತುಹೋಯಿತು. ಅಂದು ನಲವತ್ತರ ಹರೆಯದಲ್ಲಿದ್ದ ಕಾರ್ಮಿಕರು ಇಂದು ಅರವತ್ತನ್ನು ದಾಟಿದ್ದಾರೆ. ಅವರ ಮಕ್ಕಳಲ್ಲಿ ಅನೇಕರು ಮುಂಜಾನೆಯ ರೈಲು ಹತ್ತಿ, ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ದುಡಿಯಲು ಹೋಗಿ, ಕತ್ತಲಾದ ಮೇಲೆ ಹಿಂದಿರುಗುತ್ತಾರೆ. ಹಗಲೆಲ್ಲ ಮನೆಯಲ್ಲಿ ಉಳಿಯುವವರು ಮುದುಕರು, ಒಬ್ಬಿಬ್ಬರು ಹೆಂಗಸರು, ಶಾಲೆಯಿಂದ ಬಂದ ಮಕ್ಕಳು. ಇಂತಹ ಮನೆಯೊಂದರಲ್ಲಿ ಹಿರಿಯರೊಬ್ಬರಿಗೆ ಮರೆವಿನ ರೋಗ ತಗುಲಿದರೆ ಅದರ ಭಾರ ಯಾರ ಮೇಲೆ ಬೀಳುತ್ತದೆಂಬುದನ್ನು ಹೇಳಬೇಕಾಗಿಲ್ಲ. ಮೊದಲು ಸೊಸೆಯ ಮೇಲೆ. ಅವಳಿಗೂ ದುಡಿಮೆಯಿದ್ದರೆ ಓದುತ್ತಿರುವ ಮಗಳ ಮೇಲೆ. ಅಜ್ಜಿಯನ್ನು ನೋಡಿಕೊಳ್ಳಲೆಂದು ಹುಡುಗಿಯನ್ನು ಶಾಲೆ ಬಿಡಿಸುವುದು ಸೇವೆಯಲ್ಲ. ಒಬ್ಬರನ್ನು ಉಳಿಸಲು ಇನ್ನೊಬ್ಬರ ಬಾಳನ್ನು ಒತ್ತೆಯಿಡುವ ಅನ್ಯಾಯ.

ಈ ವಿಷಯದಲ್ಲಿ ಗಣಿಯೇ ಒಂದು ಪಾಠವನ್ನು ಕಲಿಸುತ್ತದೆ. ಬಂಡೆಗೆ ಆಸರೆ ಕೊಡದೆ ಯಾರೂ ಅದರ ಕೆಳಗೆ ಕೆಲಸಕ್ಕೆ ನಿಲ್ಲುತ್ತಿರಲಿಲ್ಲ. ಬಂಡೆ ಬಿರಿದ ಮೇಲೆ ಆಸರೆಯನ್ನು ಹುಡುಕಿ ಫಲವಿಲ್ಲ. ಅಷ್ಟೇ ಅಲ್ಲ, ಎಂತಹ ಗಟ್ಟಿಗನಾದರೂ ಪಾಳಿ ಮುಗಿದೊಡನೆ ಮೇಲೆ ಬರುತ್ತಿದ್ದನು. ಅವನ ಜಾಗಕ್ಕೆ ಇನ್ನೊಬ್ಬನು ಇಳಿಯುತ್ತಿದ್ದನು. ಮರೆವಿನ ರೋಗಿಯ ಆರೈಕೆ ವರ್ಷಗಳವರೆಗೆ ನಡೆಯುವ ಕೆಲಸ. ಆದರೂ ಮನೆಗಳಲ್ಲಿ ಒಬ್ಬಳೇ ಹೆಂಗಸು ಮೂರು ಪಾಳಿಗಳನ್ನೂ ನಿರ್ವಹಿಸಬೇಕೆಂದು ಉಳಿದವರು ನಿರೀಕ್ಷಿಸುತ್ತಾರೆ. ಆದುದರಿಂದ ಸಿದ್ಧತೆಯ ಮೊದಲ ಹೆಜ್ಜೆ ಹೊಣೆಯ ಹಂಚಿಕೆ. ಯಾರು ರಾತ್ರಿ ಎಚ್ಚರವಿರಬೇಕು, ಯಾರು ಆಸ್ಪತ್ರೆಗೆ ಕರೆದೊಯ್ಯಬೇಕು, ದೂರದಲ್ಲಿರುವ ಮಗ ಎಷ್ಟು ಹಣ ಕಳುಹಿಸಬೇಕು, ರಜೆಯಲ್ಲಿ ಎಷ್ಟು ದಿನ ಬಂದು ನಿಲ್ಲಬೇಕು ಎಂಬುದನ್ನು ಮನೆಯವರೆಲ್ಲ ಕುಳಿತು ನಿಶ್ಚಯಿಸಬೇಕು. ಓದುವ ಮಕ್ಕಳಿಗೂ ಒಂದು ಪಾಲಿರಲಿ. ಆದರೆ ಅದು ಸಂಜೆಯ ಒಂದು ಗಂಟೆಯ ಪಾಲಾಗಿರಲಿ.

ಎರಡನೆಯ ಹೆಜ್ಜೆ ವೈದ್ಯರ ಪರೀಕ್ಷೆ. ಥೈರಾಯಿಡ್ ಗ್ರಂಥಿಯ ದೋಷ, ಬಿ-12 ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆ ಮೊದಲಾದವುಗಳಿಂದಲೂ ಮರೆವು ಉಂಟಾಗಬಹುದು, ಇವುಗಳಿಗೆ ಚಿಕಿತ್ಸೆಯಿದೆ. ಅರಳುಮರಳೆಂದು ಕೈಚೆಲ್ಲಿದವರು ಗುಣವಾಗಬಹುದಾದುದನ್ನೂ ಕಳೆದುಕೊಳ್ಳುತ್ತಾರೆ. ಆಲ್ಝೈಮರ್ ರೋಗವನ್ನು ಪೂರ್ಣವಾಗಿ ಗುಣಪಡಿಸುವ ಔಷಧವಿಲ್ಲ. ಆದರೂ ಬೇಗ ತಿಳಿದರೆ ರೋಗಿಯು ತನ್ನ ಹಣಕಾಸು, ಮನೆಯ ಪತ್ರ, ತನ್ನ ಇಷ್ಟಾನಿಷ್ಟಗಳ ವಿಷಯದಲ್ಲಿ ಬುದ್ಧಿ ಸ್ವಾಧೀನದಲ್ಲಿರುವಾಗಲೇ ಮಾತಾಡಬಲ್ಲನು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇಲ್ಲಿಂದ ಸುಮಾರು ನೂರು ಕಿಲೋಮೀಟರ್ ದೂರದಲ್ಲಿದೆ. ಅದರ ನೆರವಿನಿಂದ 2022ರಲ್ಲಿ ರಾಜ್ಯವು ಕೈಗೊಂಡ ಮೆದುಳು ಆರೋಗ್ಯ ಕಾರ್ಯಕ್ರಮಕ್ಕೆ ಮೊದಲಿಗೆ ಆರಿಸಿದ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಇದೇ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರವು 2018ರಿಂದ, ನಲವತ್ತೈದು ದಾಟಿದ ಹತ್ತು ಸಾವಿರ ಮಂದಿಯನ್ನು ವರ್ಷಗಳ ಕಾಲ ಪರೀಕ್ಷಿಸುವ ಗುರಿಯಿಟ್ಟು ಅಧ್ಯಯನ ನಡೆಸುತ್ತಿದೆ. ಹಳ್ಳಿಯ ರೈತರ ಮೆದುಳಿನ ಮುಪ್ಪು ವಿಜ್ಞಾನಿಗಳ ಗಮನಕ್ಕೆ ಅರ್ಹವಾಗಿದೆಯೆಂದ ಮೇಲೆ, ಅದು ಸ್ವಂತ ಮನೆಯವರ ಗಮನಕ್ಕೂ ಅರ್ಹವೇ ಸರಿ.

ಮೂರನೆಯದು, ಮಾತಿನ ಸಿದ್ಧತೆ. ಹಳೆಯ ಗಣಿಕಾರ್ಮಿಕನೊಬ್ಬನು ನಸುಕಿನಲ್ಲೇ ಎದ್ದು, ಪಾಳಿಗೆ ಹೊತ್ತಾಯಿತೆಂದು ಬಾಗಿಲ ಬಳಿ ಹೋಗುತ್ತಾನೆಂದು ಭಾವಿಸೋಣ. ‘ಗಣಿ ಮುಚ್ಚಿ ಇಪ್ಪತ್ತು ವರ್ಷ ಆಯಿತಲ್ಲ!’ ಎಂದು ಗದರಿದರೆ ಅವನಿಗೆ ಗಣಿ ಅಂದೇ ಮುಚ್ಚಿದಷ್ಟು ಸಂಕಟವಾಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಮಾತು ಮರೆತುಹೋದರೂ ಸಂಕಟ ಉಳಿಯುತ್ತದೆ. ‘ಗಣಿಯಲ್ಲಿ ನೀವು ಏನು ಕೆಲಸ ಮಾಡ್ತಿದ್ರಿ ತಾತ? ಕಾಫಿ ಕುಡೀತಾ ಹೇಳಿ’ ಎಂದು ಮೊಮ್ಮಗನು ಕೈಹಿಡಿದು ಕೂರಿಸಿದರೆ ಅವನು ಶಾಂತನಾಗಬಹುದು. ಗಣಿ ಪ್ರದೇಶದಲ್ಲಿ ತಮಿಳು, ತೆಲುಗು, ಕನ್ನಡ, ಉರ್ದು ಭಾಷೆಗಳು ಒಂದೇ ಬೀದಿಯಲ್ಲಿ ಬೆರೆತಿವೆ. ಈ ರೋಗದಲ್ಲಿ ಕೆಲವರಿಗೆ ನಡುವೆ ಕಲಿತ ಭಾಷೆ ಮಾಸಿ, ಎಳೆತನದ ಭಾಷೆ ಮಾತ್ರ ಉಳಿಯುವುದುಂಟು. ಅಜ್ಜಿಯ ತಾಯ್ನುಡಿಯ ನಾಲ್ಕು ಮಾತುಗಳನ್ನು ಅವಳಿಂದಲೇ ಇಂದು ಕಲಿತ ಮೊಮ್ಮಗಳು ನಾಳೆ ಅವಳಿಗೆ ಅಪರಿಚಿತಳಾಗಲಾರಳು. ಇದಕ್ಕೆ ಹಣ ಬೇಕಿಲ್ಲ.

ಕೊನೆಯದು, ನೆರೆಹೊರೆಯವರಿಗೆ ತಿಳಿಸುವುದು. ರೋಗಿಯು ದಾರಿ ತಪ್ಪಿ ರೈಲು ನಿಲ್ದಾಣದವರೆಗೂ ಅಲೆಯಬಹುದು. ಹೆಸರು ಮತ್ತು ದೂರವಾಣಿ ಸಂಖ್ಯೆ ಬರೆದ ಚೀಟಿ ಅಂಗಿಯ ಜೇಬಿನಲ್ಲಿದ್ದರೆ, ಬೀದಿಯ ಅಂಗಡಿಯವನಿಗೆ ವಿಷಯ ತಿಳಿದಿದ್ದರೆ, ಅವನು ಬೇಗ ಮನೆ ಸೇರುತ್ತಾನೆ. ಮಾನ ಹೋದೀತೆಂದು ರೋಗವನ್ನು ಬಚ್ಚಿಟ್ಟ ಮನೆಗೆ ಈ ನೆರವು ದೊರೆಯುವುದಿಲ್ಲ. ಹಿರಿಯರಿಗಾಗಿ 14567 ಎಂಬ ಉಚಿತ ದೂರವಾಣಿ ಸಹಾಯವಾಣಿಯೂ ಇದೆ.

ಬಾರದ ರೋಗಕ್ಕೆ ಮೊದಲೇ ಸಿದ್ಧರಾಗುವುದು ಅಪಶಕುನವೆಂದು ಕೆಲವರು ಹೇಳಬಹುದು. ಹೆಂಚನ್ನು ಕೈಯಾಡಿಸಿದುದರಿಂದ ಯಾರ ಮನೆಯ ಮೇಲೂ ಹೆಚ್ಚು ಮಳೆ ಸುರಿದದ್ದಿಲ್ಲ. ಪ್ರೀತಿಯೊಂದಿದ್ದರೆ ಸಾಕೆಂದು ಮತ್ತೆ ಕೆಲವರು ವಾದಿಸಬಹುದು. ಪ್ರೀತಿ ಬೇಕು, ಆದರೆ ನಿದ್ದೆಗೆಟ್ಟ ಪ್ರೀತಿ ಸಿಡುಕಾಗುವುದಕ್ಕೆ ಬಹಳ ದಿನ ಬೇಕಾಗುವುದಿಲ್ಲ. ಸರಿಯಾದ ತಿಳಿವಳಿಕೆಯೂ ಹಂಚಿಕೊಂಡ ದುಡಿಮೆಯೂ ಪ್ರೀತಿಯನ್ನು ಬಾಳಿಸುತ್ತವೆ. ಹಿರಿಯರು ಮಕ್ಕಳ ಹೆಸರನ್ನು ಮರೆಯಬಹುದು. ಅವರು ಯಾರೆಂಬುದನ್ನು ಮಕ್ಕಳು ಮರೆಯದಿದ್ದರೆ ಆ ಮನೆಯಲ್ಲಿ ಅವರ ಗೌರವ ಉಳಿಯುತ್ತದೆ.