ಕನ್ನಡ ಓದೋಕೆ ವೈನ್ ಯಾಕ್ರೀ ಬೇಕು?

“ವೈನ್ ಹಾಕ್ಕೊಳ್ಳಿ ಸಾರ್, ಎಲ್ಲಾ ಸರಿಹೋಗುತ್ತೆ.”

ಲಿನಕ್ಸ್ ಬಳಸುವವರ ನಡುವೆ ಕನ್ನಡದ ಕಷ್ಟ ಹೇಳಿಕೊಂಡರೆ ಮೊದಲು ಸಿಗುವ ಉತ್ತರ ಇದು. ಸರ್ಕಾರಿ ಫೈಲು ಸರಿಯಾಗಿ ಕಾಣ್ತಿಲ್ವಾ? ವೈನ್. ನುಡಿ ಇನ್‌ಸ್ಟಾಲ್ ಆಗ್ತಿಲ್ವಾ? ವೈನ್. ಹೆಸರು ಕೇಳಿ ಮನೆಯ ಹಿರಿಯರು ಗಾಬರಿಯಾಗೋದು ಬೇಡ. ವಿಂಡೋಸ್‌ಗೆಂದೇ ಬರೆದ ಪ್ರೋಗ್ರಾಂ ಕೇಳುವುದನ್ನೆಲ್ಲ ಲಿನಕ್ಸಿಗೆ ಅರ್ಥವಾಗುವ ಹಾಗೆ ದಾಟಿಸುವ ದುಭಾಷಿ ಅದು. 1993ರಲ್ಲಿ ಶುರುವಾದ ಕೆಲಸ, 1.0 ಅನ್ನೋ ಆವೃತ್ತಿ ಹೊರಬಂದದ್ದು 2008ರಲ್ಲಿ. ಅಂಥ ತಾಳ್ಮೆಗೆ ನನ್ನದೂ ಒಂದು ನಮಸ್ಕಾರ. ನನ್ನ ಜಗಳ ವೈನ್ ಜೊತೆಗಲ್ಲ. ಒಂದು ಪುಟ ಕನ್ನಡ ಓದೋಕೆ ಈ ದುಭಾಷಿ ಬೇಕೇ ಬೇಕು ಅನ್ನುವ ಸ್ಥಿತಿಯನ್ನು ಇಷ್ಟು ವರ್ಷ ಸಾಕಿಕೊಂಡು ಬಂದವರ ಜೊತೆ, ಅದನ್ನೇ ‘ಪರಿಹಾರ’ ಅಂತ ಕರೆಯುವ ನಮ್ಮವರ ಜೊತೆ.

ನಾಲ್ಕು ಜನ ಗೀಕ್‌ಗಳ ಗೋಳು ಅಂತ ಪುಟ ತಿರುಗಿಸಬೇಡಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಇರಬೇಕು, ಪ್ರೊಸೆಸರ್ ಕೂಡ ತೀರಾ ಹಳೇದಾಗಿರಬಾರದು. ಪರದೆ, ಕೀಲಿಮಣೆ ಎಲ್ಲ ಗಟ್ಟಿಮುಟ್ಟಾಗಿರುವ ಎಷ್ಟೋ ಲ್ಯಾಪ್‌ಟಾಪ್‌ಗಳಿಗೆ ಈಗ ಲಿನಕ್ಸೇ ಗತಿ. ಒಳ್ಳೆಯ ಗತಿಯೇ ಬಿಡಿ, ಇಂಗ್ಲಿಷಿನಲ್ಲಿ ಬದುಕುವವರಿಗೆ.

ಶ್ರೀರಾಂಪುರದಲ್ಲಿ ಕೂತು ಕನ್ನಡದಲ್ಲಿ ವ್ಯವಹಾರ ಮಾಡ್ತೀನಿ ಅಂದರೆ ಕತೆ ಬೇರೆ. ನಮ್ಮ ರಸ್ತೆಯವರೆಲ್ಲ ಸೇರಿ ಒಂದು ಮನವಿ ಬರೆದೆವು. ಅದನ್ನು ಪಡೆಯಬೇಕಾದ ಕಚೇರಿ (ಹೆಸರು ಬೇಡ) ಕೇಳಿದ್ದು: “ಸಾಫ್ಟ್ ಕಾಪಿ ನುಡೀಲಿ ಕೊಡಿ, ವರ್ಡ್ ಫೈಲು.” ಯೂನಿಕೋಡ್‌ನಲ್ಲಿದೆ ಸಾರ್ ಅಂದರೆ, “ಅದೆಲ್ಲ ನಮ್ಮಲ್ಲಿ ಬರಲ್ಲ, ನುಡಿ 01 ಇ ಹಾಕ್ಕೊಂಡು ಬನ್ನಿ.” ಮಾದರಿಗೆ ಅಂತ ಅವರದೇ ಒಂದು ಫೈಲನ್ನೂ ಪೆನ್ ಡ್ರೈವಿಗೆ ಹಾಕಿಕೊಟ್ಟರು.

ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಇಂಥ ಫೈಲು ತೆರೆದರೆ ‘ಕನ್ನಡ’ ಅನ್ನುವ ಪದದ ಜಾಗದಲ್ಲಿ ಏನು ಕಾಣುತ್ತೆ ಗೊತ್ತಾ? ಇಂಗ್ಲಿಷಿನ ದೊಡ್ಡ ಪಿ. ತಲೆ ಮೇಲೆ ಓರೆ ಗೆರೆ ಹೊತ್ತ ಎ. ಬ್ರಿಟಿಷರ ಪೌಂಡ್ ಗುರುತು. ಮತ್ತೆ ಅದೇ ಎ. ಜರ್ಮನ್ ಭಾಷೆಯ ಒಂದು ಅಕ್ಷರ. ಸಣ್ಣ ಕ್ಯೂ. ಕೊನೆಗೆ ಇನ್ನೊಂದು ಎ. ಕಂಪ್ಯೂಟರಿನ ಲೆಕ್ಕದಲ್ಲಿ ಆ ಫೈಲಿನಲ್ಲಿ ಕನ್ನಡ ಇಲ್ಲವೇ ಇಲ್ಲ. ಇರೋದು ಈ ಏಳು ಗುರುತು. ಅವಕ್ಕೆ ಕನ್ನಡದ ವೇಷ ಹಾಕೋದು ಫಾಂಟು.

ಸರಿ, ವೈನ್ ಹಾಕೋಣ. ನುಡಿ ಅದರೊಳಗೆ ಓಡಿದರೂ ನೀವು ಒತ್ತಿದ ಕೀಲಿ ಅದಕ್ಕೆ ಕೇಳಿಸೋದು ವೈನ್ ಒಳಗಿರುವ ಪ್ರೋಗ್ರಾಮಿನಲ್ಲಿ ಮಾತ್ರ. ಹೊರಗಿರುವ ಲಿಬ್ರೆಆಫೀಸಿನಲ್ಲಿ ಟೈಪ್ ಮಾಡಿದರೆ ಅದಕ್ಕೆ ಸುದ್ದಿಯೇ ಮುಟ್ಟಲ್ಲ. ಹಾಗಾಗಿ ವೈನ್ ಒಳಗೇ ಒಂದು ವರ್ಡ್ ಬೇಕು. ಚಂದಾ ಕಟ್ಟುವ ಹೊಸ ವರ್ಡ್ ಬಹುಪಾಲು ಇನ್‌ಸ್ಟಾಲ್ ಹಂತದಲ್ಲೇ ಮುಗ್ಗರಿಸುತ್ತೆ. ಹಳೇ ಆವೃತ್ತಿ ಹುಡುಕಬೇಕು, ಅದಕ್ಕೆ ಲೈಸೆನ್ಸ್ ಬೇಕು. ಕೌಪೀನ ಕಡಿಯುವ ಇಲಿಗೆ ಬೆಕ್ಕು, ಬೆಕ್ಕಿಗೆ ಹಾಲು, ಹಾಲಿಗೆ ಹಸು ಅಂತ ಸಂಸಾರ ಬೆಳೆಸಿಕೊಂಡ ಸನ್ಯಾಸಿ ಕತೆ. ಇಷ್ಟೆಲ್ಲ ಮಾಡಿ ಗೆದ್ದವರು ಸ್ಕ್ರೀನ್‌ಶಾಟ್ ಹಾಕಿ ಬೀಗುತ್ತಾರೆ. ಗೆದ್ದದ್ದಾದರೂ ಏನು? ಲಿನಕ್ಸಿನಲ್ಲೂ ಪೌಂಡ್ ಗುರುತು ಬರೆಯುವ ಹಕ್ಕು!

ನಗು ಬರೋದು ಇಲ್ಲಿ: ನುಡಿಯ ಕೀಲಿಮಣೆ ಲಿನಕ್ಸಿಗೆ ಹೊಸದೇ ಅಲ್ಲ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಅದೇ ಲೇಔಟ್ ಐಬಸ್‌ನಲ್ಲಿ ಕೆಜಿಪಿ ಅನ್ನೋ ಹೆಸರಲ್ಲಿ ಪುಕ್ಕಟೆ ಸಿಗುತ್ತೆ. ಬೆರಳುಗಳಿಗೆ ಅಭ್ಯಾಸವಾದ ಜಾಗದಲ್ಲೇ ಒತ್ತಿ, ಅಪ್ಪಟ ಯೂನಿಕೋಡ್ ಕನ್ನಡ ಮೂಡುತ್ತೆ. ವೈನ್ ಬೇಡ, ವಿಂಡೋಸ್ ಬೇಡ. ಅಂದರೆ ತಡೆ ಇರೋದು ತಂತ್ರದಲ್ಲಲ್ಲ, ಕಚೇರಿಯ ಅಭ್ಯಾಸದಲ್ಲಿ.

ನುಡಿಯನ್ನು ಬೈಯೋದು ಸುಲಭ, ನಾನು ಬೈಯಲ್ಲ. ಒಂದೊಂದು ಕಂಪನಿಗೂ ಒಂದೊಂದು ಕೀಲಿಮಣೆ, ಒಂದೊಂದು ಫಾಂಟು ಅಂತಿದ್ದ ಕಾಲದಲ್ಲಿ ಕನ್ನಡ ಗಣಕ ಪರಿಷತ್ತು ಎಲ್ಲರಿಗೂ ಪುಕ್ಕಟೆಯಾಗಿ ಒಂದೇ ಮಾನಕ ಕೊಟ್ಟಿತು. ಅದು ದೊಡ್ಡ ಉಪಕಾರ. ಈಗ ನುಡಿಯಲ್ಲೇ ಯೂನಿಕೋಡ್ ಆಯ್ಕೆಯೂ ಇದೆ. ಆದರೆ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ, ವಿಂಡೋಸ್ ಎಕ್ಸ್‌ಪಿ ಅದನ್ನು ತೋರಿಸತೊಡಗಿದ್ದು 2001ರಲ್ಲಿ. ಯೂನಿಕೋಡ್ ಬಳಸಿ ಅನ್ನೋ ರಾಜ್ಯ ಸರ್ಕಾರದ ಆದೇಶವೂ ಇದೆ, ಇ-ಆಡಳಿತಕ್ಕೆ ಮುಕ್ತ ಮಾನಕಗಳೇ ಇರಲಿ ಅಂತ ಕೇಂದ್ರದ 2010ರ ನೀತಿಯೂ ಇದೆ. ಆದೇಶ ಗೋಡೆಗೆ, ನುಡಿ 01 ಇ ಫೈಲಿಗೆ.

ಇದರಿಂದ ಯಾರಿಗೆ ಏನು ನಷ್ಟ ಅಂತೀರಾ? ಕಣ್ಣು ಕಾಣದವರನ್ನು ಕೇಳಿ. ಸ್ಕ್ರೀನ್ ರೀಡರ್ ಯೂನಿಕೋಡ್ ಕನ್ನಡವನ್ನು ಓದಿ ಹೇಳುತ್ತೆ. ನುಡಿಯ ಹಳೇ ಫೈಲು ಕೊಟ್ಟರೆ ಪಿ, ಎ, ಪೌಂಡ್ ಅಂತ ಒದರುತ್ತೆ. ತನ್ನದೇ ಪಿಂಚಣಿಯ ಸುತ್ತೋಲೆ ಓದೋಕೆ ಪಕ್ಕದ ಮನೆಯವರನ್ನು ಕರೀಬೇಕು. ಇದಕ್ಕೆ ಯಾವ ವೈನೂ ಮದ್ದಲ್ಲ. ವಿಂಡೋಸ್ ಕೂಡ ಅಲ್ಲ. ಹಾಗೇ, ಸಾವಿರ ಪುಟದ ನಡಾವಳಿಯಲ್ಲಿ ‘ಶ್ರೀರಾಂಪುರ’ ಅಂತ ಹುಡುಕಿ ನೋಡಿ, ಒಂದೂ ಸಿಗಲ್ಲ.

ಪರಿವರ್ತಕಗಳಿವೆ, ನಿಜ. ಆದರೆ ಬರೀ ಪಠ್ಯ ಹಾಕಿದರೆ ಯಾವ ಪಿ ಕನ್ನಡದ್ದು, ಯಾವುದು ಇಂಗ್ಲಿಷಿನದು ಅಂತ ಅವಕ್ಕೆ ತಿಳಿಯೋದು ಹೇಗೆ? ಎರಡಕ್ಕೂ ಒಂದೇ ಸಂಕೇತ. ನಡುನಡುವೆ ಬಂದ ಇಂಗ್ಲಿಷ್ ಹೆಸರುಗಳೆಲ್ಲ ವಿಚಿತ್ರ ಕನ್ನಡವಾಗಿ ಹೊರಬರುತ್ತವೆ. ಮತ್ತೆ ಕೂತು ತಿದ್ದಬೇಕು.

ಡಿಟಿಪಿ ಅಂಗಡಿಯವರ ತಕರಾರಿನಲ್ಲಿ ಮಾತ್ರ ಸ್ವಲ್ಪ ಹುರುಳಿದೆ. ಅವರ ಹೊಟ್ಟೆಪಾಡು ಪೇಜ್‌ಮೇಕರ್ ಮೇಲಿದೆ. ಅದರ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ, ಯೂನಿಕೋಡ್ ಅದಕ್ಕೆ ಗೊತ್ತೇ ಇಲ್ಲ. ಲಗ್ನಪತ್ರಿಕೆಗೆ ಅದು ಸಾಕು, ಯಾರೂ ತಗಾದೆ ಮಾಡಲ್ಲ. ಆದರೆ ಸರ್ಕಾರದ ದಾಖಲೆ ಲಗ್ನಪತ್ರಿಕೆ ಅಲ್ವಲ್ಲ ಸ್ವಾಮಿ, ಮದುವೆ ಮುಗಿದ ಮೇಲೆ ಎಸೆಯೋಕೆ!

ಇದೆಲ್ಲ ಆಗದ ಹೋಗದ ಆದರ್ಶ ಅನ್ನೋರಿಗೆ ಗಡಿಯಾಚೆ ಒಂದು ಉದಾಹರಣೆ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ನಡೆಯೋದು ಲಿನಕ್ಸ್ ಮೇಲೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲೀತಾರೆ. ಮೈಸೂರಿನಲ್ಲಿ ನಾವು ವೈನ್ ಬಾಟಲಿಯ ಬಿರಡೆ ತೆಗೀತಾ ಕೂತಿದ್ದೀವಿ.

ಲಿನಕ್ಸಿನ ಗೆಳೆಯರೇ, ಮುಂದೆ ಯಾರಾದರೂ ನುಡಿ ಫೈಲಿನ ಕಷ್ಟ ತಂದರೆ ದಯವಿಟ್ಟು ವೈನ್ ಹೆಸರು ಎತ್ತಬೇಡಿ. ಕಚೇರಿಗೆ ಯೂನಿಕೋಡ್ ಫೈಲನ್ನೇ ಕೊಡಿ ಅನ್ನಿ, ಜೊತೆಗೊಂದು ಪ್ರಿಂಟು. ಅದು ಬೇಡ ಅಂದರೆ, ಯಾವ ಆದೇಶದ ಪ್ರಕಾರ ಹಳೇ ನುಡಿ ಫಾಂಟೇ ಕಡ್ಡಾಯ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಲಿ. ಹತ್ತು ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದಲ್ಲಿ ಆ ಅರ್ಜಿ 150 ಪದ ಮೀರಬಾರದು ಅನ್ನೋ ನಿಯಮ ಬೇರೆ ಇದೆ. ಇದಕ್ಕೆ ಅಷ್ಟೂ ಬೇಕಾಗಲ್ಲ.