ಒಂದೇ ಪುಟ, ನಲವತ್ತು ಕೈ

"ಪಕ್ಕದವರದ್ದು ನೋಡಬೇಡ." ನಮ್ಮ ಶಾಲೆಗಳಲ್ಲಿ ಮಗು ಅಕ್ಷರ ಕಲಿಯುವ ಮೊದಲೇ ಕಲಿಯುವ ಮಾತು ಇದು. ಪರೀಕ್ಷೆಗೆ ಈ ನಿಯಮ ಬೇಕೇ ಬೇಕು. ತೊಂದರೆ ಏನೆಂದರೆ, ಅದು ಪರೀಕ್ಷೆಯ ಕೊಠಡಿಯಿಂದ ಪಾಠದ ಕೊಠಡಿಗೂ ಬಂದು ಕೂತಿದೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ, ಪ್ರಶ್ನಿಸಿ, ತಿದ್ದಿ ಬೆಳೆಸುವ ಅಭ್ಯಾಸ ಹತ್ತು ವರ್ಷದ ಶಾಲಾ ಜೀವನದಲ್ಲಿ ಒಮ್ಮೆಯೂ ಆಗುವುದಿಲ್ಲ. ಪತ್ರಿಕೆಯ ಸುದ್ದಿಮನೆಯಿಂದ ಹಿಡಿದು ವಿಜ್ಞಾನಿಗಳ ಪ್ರಬಂಧದವರೆಗೆ ಹೊರಗಿನ ಬರವಣಿಗೆಯೆಲ್ಲ ನಡೆಯುವುದು ಹೀಗೆಯೇ ಆದರೂ, ಮಕ್ಕಳಿಗೆ ಮಾತ್ರ ಅದರ ಪರಿಚಯವಿಲ್ಲ.

ಗೂಗಲ್ ಡಾಕ್ಸ್, ವಿಕಿಯಂಥ ಜಾಲತಾಣಗಳು ತರಗತಿಗೆ ಬರಬೇಕು ಎಂದು ನಾನು ವಾದಿಸುವುದು ಈ ಕಾರಣಕ್ಕೆ. ಆದರೆ ಒಂದು ಷರತ್ತಿದೆ. ಮಕ್ಕಳು ಕೊನೆಗೆ ಒಪ್ಪಿಸುವ ಅಂದವಾದ ಪುಟವನ್ನಷ್ಟೇ ನೋಡಿ ಅಂಕ ಕೊಡುವುದಾದರೆ ಇವು ಬೇಡವೇ ಬೇಡ. ಅದಕ್ಕೆ ಸ್ಟೇಷನರಿ ಅಂಗಡಿಯ ಚಾರ್ಟ್ ಪೇಪರ್ ಸಾಕು. ಯಾರು ಏನು ಬರೆದರು, ಯಾವಾಗ ಅಳಿಸಿದರು, ಏನನ್ನು ಬದಲಿಸಿದರು ಎಂಬ ದಾಖಲೆ ಪ್ರತಿ ಪುಟದ ಹಿಂದೆಯೂ ಉಳಿದಿರುತ್ತದೆ. ಇವುಗಳ ನಿಜವಾದ ಬೆಲೆ ಇರುವುದು ಅಲ್ಲಿ. ಓದಬೇಕಾದದ್ದೂ ಅದನ್ನೇ.

ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇದು ಹೇಗೆ ನಡೆಯುತ್ತದೆಂದು ಹತ್ತಿರದಿಂದ ನೋಡಿದ್ದೇನೆ. ಊರಿನ ಕೆರೆಯ ಬಗ್ಗೆ ಎಲ್ಲರೂ ಸೇರಿ ಒಂದೇ ಪುಟ ಬರೆಯುವ ಕೆಲಸ. ಹುಡುಗನೊಬ್ಬ "ನಮ್ಮ ಊರಿನ ಕೆರೆ ಬಹಳ ಪ್ರಾಚೀನವಾದುದು" ಎಂದು ಟೈಪಿಸಿದ. ಇನ್ನೊಂದು ಕಂಪ್ಯೂಟರಿನ ಮುಂದೆ ಒಂದೇ ಕುರ್ಚಿಯಲ್ಲಿ ಒತ್ತಿಕೊಂಡು ಕೂತಿದ್ದ ಇಬ್ಬರು ಹುಡುಗಿಯರು ಆ ವಾಕ್ಯದ ಪಕ್ಕದಲ್ಲಿ ಪ್ರಶ್ನೆ ಹಾಕಿದರು: "ಎಷ್ಟು ಹಳೇದು? ಯಾರು ಹೇಳಿದ್ದು?" ಹುಡುಗ ಸಿಟ್ಟಿನಿಂದ "ನಮ್ಮಜ್ಜ" ಎಂದು ಉತ್ತರ ಬರೆದ. ಸ್ವಲ್ಪ ಹೊತ್ತಿನಲ್ಲಿ ಮೂರನೆಯವನು ತೂಬಿನ ಹತ್ತಿರ ಅಕ್ಷರ ಕೆತ್ತಿದ ಕಲ್ಲೊಂದಿದೆ ಎಂದು ಸೇರಿಸಿದ. ಆಮೇಲೆ ಮೇಷ್ಟ್ರು ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿರುವುದನ್ನು ಹೇಳಿ, ಆ ಕಲ್ಲು ಅದರಲ್ಲಿದೆಯೇ ಎಂದು ಹುಡುಕುವ ಕೆಲಸ ಹಚ್ಚಿದರು. ಕೊನೆಗೆ ವಾಕ್ಯ ಹೀಗೆ ನಿಂತಿತು: "ಕೆರೆಯ ಕಾಲ ಖಚಿತವಾಗಿ ಗೊತ್ತಿಲ್ಲ, ತೂಬಿನ ಬಳಿ ಒಂದು ಶಾಸನವಿದೆ, ಕೆರೆ ತಮ್ಮ ತಾತನ ಕಾಲಕ್ಕಿಂತ ಹಳೆಯದು ಎಂದು ಊರಿನ ಹಿರಿಯರು ಹೇಳುತ್ತಾರೆ." "ಬಹಳ ಪ್ರಾಚೀನ" ಎಂಬುದಕ್ಕಿಂತ ಇದು ಎಷ್ಟೋ ಮೇಲಿನ ವಾಕ್ಯ. ಗೊತ್ತಿರುವುದು, ಕೇಳಿದ್ದು, ಗೊತ್ತಿಲ್ಲದ್ದು ಮೂರೂ ಅದರಲ್ಲಿ ಬೇರೆಬೇರೆಯಾಗಿವೆ. ಒಬ್ಬನೇ ಮನೆಯಲ್ಲಿ ಕೂತು ಬರೆದಿದ್ದರೆ ಆ ಹುಡುಗ ಅಲ್ಲಿಗೆ ಮುಟ್ಟುತ್ತಿರಲಿಲ್ಲ.

ಪಠ್ಯಪುಸ್ತಕಕ್ಕೆ ಈ ಗುಣವಿಲ್ಲ, ಇರುವುದೂ ಕಷ್ಟ. ಕನ್ನಡದ ಅತ್ಯಂತ ಹಳೆಯ ಶಾಸನ ಯಾವುದು ಎಂದರೆ ಮಕ್ಕಳು ಹಲ್ಮಿಡಿ, ಕ್ರಿ.ಶ. 450 ಎಂದು ಥಟ್ಟನೆ ಹೇಳುತ್ತಾರೆ. ಆ ಕಾಲನಿರ್ಣಯದ ಬಗ್ಗೆ ವಿದ್ವಾಂಸರಲ್ಲೇ ಭಿನ್ನಾಭಿಪ್ರಾಯವಿದೆ. ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ ಸಿಕ್ಕ ಶಾಸನವನ್ನು ಕ್ರಿ.ಶ. 370ರದ್ದೆಂದು ಗುರುತಿಸಿದ ಮೇಲೆ ಚರ್ಚೆ ಮತ್ತಷ್ಟು ಬೆಳೆದಿದೆ. ಒಂದು ಅಂಕದ ಪ್ರಶ್ನೆಗೆ ಇದೆಲ್ಲ ಅಡ್ಡಿ. ಆದರೆ ಲೇಖನದ ಪಕ್ಕದಲ್ಲೇ ಚರ್ಚೆಪುಟ ಇಟ್ಟುಕೊಂಡ ವಿಕಿಪೀಡಿಯದಂಥ ಜಾಗದಲ್ಲಿ ಈ ಜಗಳವೇ ಪಾಠವಾಗಬಲ್ಲದು. ಎರಡೂ ಪಕ್ಷಗಳ ಆಧಾರ ಹುಡುಕಿ ಒಂದು ಪ್ಯಾರಾ ಬರೆಯಿರಿ ಎಂದರೆ ಒಂಬತ್ತನೆಯ ತರಗತಿಯ ಮಗುವಿಗೂ ಇತಿಹಾಸ ಹೇಗೆ ತಯಾರಾಗುತ್ತದೆ ಎಂಬುದು ಅರ್ಥವಾಗುತ್ತದೆ.

ಷರತ್ತನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಪುಣೆಯ ಉದಾಹರಣೆಯಿದೆ. 2011ರಲ್ಲಿ ಅಲ್ಲಿನ ಕಾಲೇಜುಗಳ ನೂರಾರು ವಿದ್ಯಾರ್ಥಿಗಳನ್ನು ಇಂಗ್ಲಿಷ್ ವಿಕಿಪೀಡಿಯಕ್ಕೆ ಲೇಖನ ಬರೆಯಲು ಹಚ್ಚಿದರು. ಪುಸ್ತಕಗಳಿಂದ, ಬೇರೆ ತಾಣಗಳಿಂದ ಎತ್ತಿ ತಂದು ಸುರಿದ ಪಠ್ಯ ಎಷ್ಟಾಯಿತೆಂದರೆ, ಅಳಿಸಿ ಅಳಿಸಿ ಅಲ್ಲಿನ ಸ್ವಯಂಸೇವಕರು ಸೋತುಹೋದರು. ಪ್ರಯೋಗ ಅದೇ ವರ್ಷ ನಿಂತಿತು. ಆ ವಿದ್ಯಾರ್ಥಿಗಳನ್ನು ದೂರಲು ನನಗೆ ಮನಸ್ಸಿಲ್ಲ. ಗೈಡಿನ ಉತ್ತರವನ್ನು ಅಕ್ಷರ ಬಿಡದೆ ಒಪ್ಪಿಸಿದರೆ ಶಹಬಾಸ್ ಎನ್ನುವ ವ್ಯವಸ್ಥೆಯಲ್ಲಿ ಬೆಳೆದವರು ಅವರು. ಹೊಸ ಜಾಗಕ್ಕೆ ಬಂದಾಗ ಹಳೆಯ ಅಭ್ಯಾಸವನ್ನೇ ತಂದರು.

ಅದಕ್ಕೇ ಹೈಸ್ಕೂಲು ಮಕ್ಕಳನ್ನು ನೇರವಾಗಿ ಸಾರ್ವಜನಿಕ ವಿಕಿಪೀಡಿಯಕ್ಕೆ ಇಳಿಸುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಮೊದಲು ತರಗತಿಯವರಷ್ಟೇ ನೋಡುವ ಪುಟ. ಆಮೇಲೆ, ಬೇಕಿದ್ದರೆ, ಶಿಕ್ಷಕರ ಖಾತೆಯ ಪ್ರಯೋಗಪುಟ. ಮಗುವಿನ ಹೆಸರು, ಶಾಲೆ, ಫೋಟೋ ಎಲ್ಲೂ ಕಾಣಬಾರದು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟರೊಳಗಿನವರೆಲ್ಲರನ್ನೂ ಮಕ್ಕಳೆಂದೇ ಎಣಿಸಿ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಶಾಲೆಗಳು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಸಣ್ಣ ತೊಡಕುಗಳೂ ಉಂಟು. ಮುಂದೆ ಮಕ್ಕಳಿಗೇ ಖಾತೆ ತೆರೆಸುವುದಾದರೆ, ಒಂದೇ ಇಂಟರ್‌ನೆಟ್ ಸಂಪರ್ಕದಿಂದ ದಿನಕ್ಕೆ ಆರು ಹೊಸ ಖಾತೆಗಳನ್ನು ಮಾತ್ರ ತೆರೆಯಲು ವಿಕಿಪೀಡಿಯ ಬಿಡುತ್ತದೆ. ಮೊದಲೇ ಕೇಳಿ ವಿನಾಯಿತಿ ಪಡೆಯದಿದ್ದರೆ ಏಳನೆಯ ಮಗುವಿಗೆ ತಪ್ಪು ಸಂದೇಶ ಬಂದು, ಲ್ಯಾಬಿನ ಒಂದು ಪಿರಿಯಡ್ ಹಾಗೆಯೇ ಕಳೆದುಹೋಗುತ್ತದೆ. ಲ್ಯಾಬಿನಲ್ಲಿ ಮಕ್ಕಳ ಸಂಖ್ಯೆಗೆ ತಕ್ಕಷ್ಟು ಕಂಪ್ಯೂಟರುಗಳಿಲ್ಲ, ಕರೆಂಟು ಹೋದರೆ ಯುಪಿಎಸ್ ಇಲ್ಲ ಎಂಬ ದೂರು ನಿಜ. ಆದರೆ ಕಂಪ್ಯೂಟರ್ ಕಡಿಮೆಯಿರುವುದು ಈ ಕೆಲಸಕ್ಕೆ ಪೂರ್ತಿ ಅಡ್ಡಿಯಲ್ಲ. ಒಂದು ಕೀಬೋರ್ಡಿನ ಮುಂದೆ ಇಬ್ಬರು ಕೂತರೆ ಟೈಪಿಸುವ ಮುನ್ನ ಮಾತಾಡಲೇಬೇಕಾಗುತ್ತದೆ.

ಶಿಕ್ಷಕರ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ನಾಲ್ವರ ಗುಂಪಿನಲ್ಲಿ ಒಬ್ಬಳು ದುಡಿಯುತ್ತಾಳೆ, ಮೂವರು ಅಂಕ ಪಡೆಯುತ್ತಾರೆ. ಕಾಗದದ ಪ್ರಾಜೆಕ್ಟಿನಲ್ಲಿ ಇದನ್ನು ಪತ್ತೆ ಹಚ್ಚಲು ದಾರಿಯೇ ಇಲ್ಲ. ಇಲ್ಲಿ ಇದೆ, ಬದಲಾವಣೆಗಳ ದಾಖಲೆಯಲ್ಲಿ ಹೆಸರು, ವೇಳೆ ಎರಡೂ ಇರುತ್ತವೆ. ಚಾಟ್‌ಜಿಪಿಟಿ ಬರೆದುಕೊಟ್ಟದ್ದನ್ನು ಅಂಟಿಸಿದವರ ಪುಟದಲ್ಲಿ ಇಡೀ ಪ್ಯಾರಾ ಒಂದೇ ಗಳಿಗೆಯಲ್ಲಿ ಬಂದು ಕೂತಿರುತ್ತದೆ. ತಾವೇ ಬರೆದವರದ್ದು ಹತ್ತು ಸಲ ಕೆಟ್ಟು, ನಿಧಾನ ಸರಿಹೋಗಿರುತ್ತದೆ. ಮೋಸ ಹಿಡಿಯಲು ಇದು ಪೂರ್ತಿ ಸಾಲದು, ಆದರೆ ಮಗುವನ್ನು ಕೂರಿಸಿಕೊಂಡು "ಇದನ್ನು ಯಾಕೆ ಬದಲಿಸಿದೆ?" ಎಂದು ಕೇಳಲು ಸಾಕು. ನಲವತ್ತು ಮಕ್ಕಳ ದಾಖಲೆ ಓದಲು ಸಮಯವೆಲ್ಲಿ ಎಂಬ ಪ್ರಶ್ನೆ ನ್ಯಾಯವಾದದ್ದೇ. ವಾರಕ್ಕೊಂದು ಗುಂಪಿನದ್ದನ್ನು ಓದಿದರೂ ಸಾಕು.

ಕೋಟದ ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲಪ್ರಪಂಚ'ದ ಸಂಪುಟಗಳನ್ನು ಒಬ್ಬರೇ ಬರೆದರು. ಅಂಥ ಶಕ್ತಿ ಎಲ್ಲೋ ಒಬ್ಬರಿಗೆ. ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಗಿ ಇಂದಿಗೆ ಮೂವತ್ತು ಸಾವಿರ ಲೇಖನ ದಾಟಿದ್ದರೂ, ನಮ್ಮ ಎಷ್ಟೋ ಊರು, ಕೆರೆ, ಸಂತೆ, ಜಾತ್ರೆಗಳ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ. ಅವನ್ನು ಬಲ್ಲವರು ಆ ಊರಿನ ಮಕ್ಕಳು ಮತ್ತು ಅವರ ಅಜ್ಜ ಅಜ್ಜಿಯರು. ಶಿಕ್ಷಕರು ಸೇರಿ ಬರೆಯುವ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣ ಇದೇ ವಿಕಿ ತಂತ್ರಾಂಶದ ಮೇಲೆ ನಿಂತಿದೆ. ನಮ್ಮ ಮೇಷ್ಟ್ರುಗಳಿಗೆ ಈ ವಿದ್ಯೆ ಹೊಸದೇನಲ್ಲ.

ಉಳಿದಿರುವುದು ಅಂಕದ ಮಾತು. ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ಇಪ್ಪತ್ತು ಆಂತರಿಕ ಅಂಕಗಳಿವೆ. ಅದರಲ್ಲಿ ಐದನ್ನಾದರೂ ಮಗು ತಾನು ಬರೆದದ್ದಕ್ಕಲ್ಲದೆ, ಸಹಪಾಠಿಯ ಬರಹಕ್ಕೆ ಕೇಳಿದ ಒಳ್ಳೆಯ ಪ್ರಶ್ನೆಗೆ, ಮಾಡಿದ ತಿದ್ದುಪಡಿಗೆ, ಹುಡುಕಿಕೊಟ್ಟ ಆಧಾರಕ್ಕೆ ಕೊಡುವಂತಾಗಬೇಕು. ಇದಕ್ಕೆ ಹೊಸ ಕಂಪ್ಯೂಟರ್ ಬೇಕಿಲ್ಲ, ಇಲಾಖೆಯ ಒಂದು ಸುತ್ತೋಲೆ ಬೇಕು.