ನಿದ್ದೆ ಬಾರದವನಿಗೆ ಉಪದೇಶ ಬೇಡ, ಸಹಾಯ ಬೇಕು

ಕತಾರಿನಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15ರ ತನಕ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರವರೆಗೆ ಬಿಸಿಲಿಗೆ ನಿಲ್ಲಿಸಿ ಕೆಲಸ ಮಾಡಿಸುವಂತಿಲ್ಲ. 2021ರಲ್ಲಿ ಬಿಗಿಯಾದ ಈ ನಿಯಮ ನಮ್ಮವರ ಜೀವ ಉಳಿಸುವಂಥದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಹೊತ್ತಿನ ಕೆಲಸ ಬೆಳಗಿನ ಜಾವಕ್ಕೋ ರಾತ್ರಿಗೋ ಸರಿಯುತ್ತದೆ. ಜೂನಿನಲ್ಲಿ ದೋಹಾದಲ್ಲಿ ಸುಬ್‌ಹಿ ಬಾಂಗ್ ಕೇಳುವುದೇ 3.15ರ ಆಸುಪಾಸಿಗೆ. 4ಕ್ಕೆ ಬಸ್ಸು ಹತ್ತಬೇಕಾದವನು 3ಕ್ಕೆ ಏಳಬೇಕು. ಅವನು ಮಲಗುವುದು ಯಾವಾಗ? ಅಡುಗೆ, ಬಟ್ಟೆ, ಇಶಾ ನಮಾಝ್, ಊರಿಗೆ ಫೋನ್, ಎಲ್ಲ ಮುಗಿಯುವಾಗ 10 ದಾಟುತ್ತದೆ. ಆಮೇಲೆ ಮಲಗಿದರೂ ಕಣ್ಣು ಮುಚ್ಚುವುದಿಲ್ಲ.

ಇದನ್ನು ಯಾರಲ್ಲಾದರೂ ಹೇಳಿದರೆ ಸಿಗುವ ಉತ್ತರ ಎರಡೇ. ಒಂದೋ "ಮನೆ ನೆನಪಾಗ್ತದಾ ಮಾರಾಯ?" ಎಂಬ ತಮಾಷೆ. ಇಲ್ಲದಿದ್ದರೆ "ಈಮಾನ್ ಕಮ್ಮಿಯಾಗಿದೆ, ದ್ಸಿಕ್ರ್ ಹೇಳು" ಎಂಬ ಉಪದೇಶ. ದ್ಸಿಕ್ರ್‌ನಿಂದ ಮನಸ್ಸಿಗೆ ಸಮಾಧಾನ ಸಿಗುತ್ತದೆ, ಅದನ್ನು ಯಾರೂ ಬಿಡಬೇಕಾಗಿಲ್ಲ. ಆದರೆ ನಿದ್ದೆಯನ್ನು ಈಮಾನಿನ ಅಳತೆಗೋಲು ಮಾಡುವುದು ತಪ್ಪು. ಹಾಗೆ ಮಾಡಿದರೆ ಮರುದಿನದಿಂದ ಅವನು ಬಾಯಿ ಬಿಡುವುದಿಲ್ಲ, ಅಷ್ಟೇ.

ನಿದ್ದೆ ಬರಲು ಎರಡು ಸಂಗತಿ ಕೂಡಿಬರಬೇಕು. ಎಚ್ಚರವಿದ್ದಷ್ಟು ಹೊತ್ತೂ ಏರುವ ಆಯಾಸ ಒಂದು. ಬೆಳಕು ಕತ್ತಲೆ ನೋಡಿ ನಡೆಯುವ ದೇಹದ ಗಡಿಯಾರ ಇನ್ನೊಂದು. ರಾತ್ರಿ ಪಾಳಿ ಮುಗಿಸಿ ಬಿಸಿಲಲ್ಲಿ ರೂಮಿಗೆ ಬರುವವನಿಗೆ ಆಯಾಸ ಬೇಕಾದಷ್ಟು ಉಂಟು, ಆದರೆ ಗಡಿಯಾರ "ಏಳು" ಅನ್ನುತ್ತದೆ. ಸಂಜೆ 7ಕ್ಕೆ ಕುಡಿದ ಕಡಕ್ ಚಾದ ಕೆಫೀನ್‌ನಲ್ಲಿ ಸುಮಾರು ಅರ್ಧ ಪಾಲು ನಡುರಾತ್ರಿಗೂ ಮೈಯಲ್ಲೇ ಇರುತ್ತದೆ. ಇದರ ಮೇಲೆ ಸಾಲದ ಲೆಕ್ಕ, ತಂಗಿಯ ಮದುವೆ, ಅರ್ಧಕ್ಕೆ ನಿಂತ ಮನೆ ಕೆಲಸ. ವಾರಕ್ಕೆ 3 ರಾತ್ರಿಯಾದರೂ ಹೀಗಾಗಿ, 3 ತಿಂಗಳು ಮುಂದುವರಿದರೆ ವೈದ್ಯರು ಅದನ್ನು ದೀರ್ಘಕಾಲದ ನಿದ್ರಾಹೀನತೆ ಅನ್ನುತ್ತಾರೆ. ಅದಕ್ಕೆ ಚಿಕಿತ್ಸೆ ಇದೆ.

ನಮಗೆ ಹೆಚ್ಚು ಭಯವಿರುವುದು ಮಾತ್ರೆಯ ವಿಷಯದಲ್ಲಿ. "ಊರಿಂದ ಬರುವವನ ಕೈಯಲ್ಲಿ ಒಂದು ಸ್ಟ್ರಿಪ್ ತರಿಸಿಕೋ" ಎಂಬ ಸಲಹೆ ಸುಲಭ. ಆದರೆ ಆಲ್ಪ್ರಾಝೋಲಂ, ಕ್ಲೋನಾಝೆಪಾಂ ಮುಂತಾದ ಮಾತ್ರೆಗಳು ಇಲ್ಲಿ ಕಟ್ಟುನಿಟ್ಟಿನ ನಿಯಂತ್ರಣದಲ್ಲಿವೆ. ವೈದ್ಯರ ಚೀಟಿ ಇಲ್ಲದೆ ಹಮದ್ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರೆ ಕೇಸು, ಜೈಲು. ಸಿಕ್ಕಿಬೀಳುವುದು ತರಿಸಿಕೊಂಡವನಲ್ಲ, ಪಾರ್ಸೆಲ್ ಹಿಡಿದು ಬಂದ ಬಡಪಾಯಿ. ಮನೆಯವರು ಇದನ್ನು ಗಟ್ಟಿಯಾಗಿ ನೆನಪಿಡಬೇಕು. ಮಗನಿಗಾಗಲಿ, ಅವನ ಗೆಳೆಯನಿಗಾಗಲಿ ಇಂಥ ಮಾತ್ರೆ ಕಟ್ಟಿಕೊಡಬೇಡಿ. ಇನ್ನು ನಿದ್ದೆಗೆಂದು ಶೀತದ ಮಾತ್ರೆ ನುಂಗುವವರೂ ಇದ್ದಾರೆ. ಅದರ ಮಂಪರು ಬೆಳಿಗ್ಗೆಯೂ ಇರುತ್ತದೆ. ಮಂಪರಿನಲ್ಲಿ ಸ್ಟೇರಿಂಗ್ ಹಿಡಿದರೆ, ಎತ್ತರಕ್ಕೆ ಹತ್ತಿದರೆ ಏನಾಗಬಹುದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಎಂತ ಮಾಡುವುದು? ಮಲಗುವ ಹೊತ್ತು ಹೇಗಿದ್ದರೂ ಏಳುವ ಹೊತ್ತು ಆದಷ್ಟು ಒಂದೇ ಇರಲಿ. ಸಂಜೆಯ ನಂತರ ಚಾ ಬಿಡಿ. ಸುಮಾರು 20 ನಿಮಿಷ ಹೊರಳಾಡಿದರೂ ನಿದ್ದೆ ಬಾರದಿದ್ದರೆ ಎದ್ದು ಕುಳಿತುಕೊಳ್ಳಿ, ಕಣ್ಣು ಎಳೆದಾಗ ಮತ್ತೆ ಮಲಗಿ. ಆ ಹೊತ್ತಿನಲ್ಲಿ ಮೊಬೈಲ್ ಮುಟ್ಟಬೇಡಿ. ಮಧ್ಯಾಹ್ನದ ಖೈಲೂಲ ಸುನ್ನತ್ತೂ ಹೌದು, ದೇಹಕ್ಕೆ ಹಿತವೂ ಹೌದು. ಆದರೆ ರಾತ್ರಿ ನಿದ್ದೆ ಬಾರದವರು ಅರ್ಧ ಗಂಟೆಯೊಳಗೆ ಏಳುವುದು ಒಳ್ಳೆಯದು. ತಿಂಗಳುಗಟ್ಟಲೆ ಸರಿಯಾಗದಿದ್ದರೆ ರೆಡ್ ಕ್ರೆಸೆಂಟ್ ನಡೆಸುವ ಕಾರ್ಮಿಕರ ಆರೋಗ್ಯ ಕೇಂದ್ರಕ್ಕೆ ಹೋಗಿ. ಮನಸ್ಸಿನ ಕಷ್ಟ ಹೇಳಿಕೊಳ್ಳಲು ಹಮದ್ ಮೆಡಿಕಲ್ ಕಾರ್ಪೊರೇಷನ್ನಿನ ಸಹಾಯವಾಣಿ 16000 ಇದೆ. ಜೋರಾಗಿ ಗೊರಕೆ ಹೊಡೆದು ಹಗಲಿಡೀ ತೂಕಡಿಸುವವರು, ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುವವರು ಕಾಯದೆ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಇಷ್ಟು ಒಬ್ಬೊಬ್ಬನ ಕೈಯಲ್ಲಿರುವುದು. ಆದರೆ ಆರು ಮಂದಿಯ ರೂಮಿನಲ್ಲಿ ಒಬ್ಬನ ಶಿಸ್ತಿನಿಂದ ಏನಾಗುತ್ತದೆ? ಮೇಲಿನ ಮಂಚದವನು ಸ್ಪೀಕರ್‌ನಲ್ಲಿ ರೀಲ್ಸ್ ಹಾಕಿದರೆ ಮುಗಿಯಿತು. ಆದ್ದರಿಂದ ರೂಮಿಗೊಂದು ನಿಯಮ ಬೇಕು: ಇಂತಿಷ್ಟು ಗಂಟೆಗೆ ಲೈಟ್ ಆಫ್, ಫೋನಿಗೆ ಇಯರ್‌ಫೋನ್. ಇಶಾ ಬಳಿಕ ಸುಮ್ಮನೆ ಹರಟುವುದನ್ನು ಪ್ರವಾದಿ (ಸ.ಅ.) ಇಷ್ಟಪಡುತ್ತಿರಲಿಲ್ಲ ಎಂದು ನಾವು ಮದ್ರಸದಲ್ಲೇ ಕಲಿತಿದ್ದೇವೆ. ಹಗಲು ಪಾಳಿಯವರನ್ನು ಒಂದು ರೂಮಿನಲ್ಲಿ, ರಾತ್ರಿ ಪಾಳಿಯವರನ್ನು ಇನ್ನೊಂದರಲ್ಲಿ ಹಾಕಿ ಎಂದು ಕ್ಯಾಂಪ್ ಬಾಸ್ ಹತ್ತಿರ ಒಟ್ಟಾಗಿ ಕೇಳಬೇಕು. ಇದಕ್ಕೆ ಕಂಪೆನಿಗೆ ಹೆಚ್ಚು ಖರ್ಚಿಲ್ಲ. ಓವರ್‌ಟೈಮ್ ಸೇರಿಸಿಯೂ ಕೆಲಸ ಸಾಮಾನ್ಯವಾಗಿ ದಿನಕ್ಕೆ 10 ಗಂಟೆ ಮೀರಬಾರದು ಎಂದು 2004ರ ಕಾರ್ಮಿಕ ಕಾನೂನು ಹೇಳುತ್ತದೆ. ಮನೆ ಡ್ರೈವರ್‌ಗಳಿಗೂ 2017ರ ಕಾನೂನಿನಲ್ಲಿ ವಾರಕ್ಕೊಂದು ರಜೆ ಉಂಟು. ಈ ಹಕ್ಕನ್ನು ಕೇಳುವುದು ಸೋಮಾರಿತನವಲ್ಲ. ನಮ್ಮವರ ಸಂಘಟನೆಗಳ ಸಭೆಗಳೂ ರಾತ್ರಿ 10ರೊಳಗೆ ಮುಗಿಯಲಿ.

ಕೊನೆಗೆ ಊರಿನಲ್ಲಿರುವ ಉಮ್ಮಂದಿರಲ್ಲಿ, ಮನೆಯವರಲ್ಲಿ ಒಂದು ಮಾತು. ನಿಮ್ಮ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಉಳ್ಳಾಲದಲ್ಲೋ ಉಪ್ಪಿನಂಗಡಿಯಲ್ಲೋ ಬೆಳಿಗ್ಗೆ 6ಕ್ಕೆ ನೀವು ಫೋನ್ ಮಾಡಿದರೆ ಇಲ್ಲಿ 3.30. ರಾತ್ರಿ ಪಾಳಿಯವನಿಗೆ ನಿಮ್ಮ ಮಧ್ಯಾಹ್ನದ ಊಟದ ಹೊತ್ತೇ ನಡುನಿದ್ದೆ. ಅವನ ಡ್ಯೂಟಿ ಸಮಯವನ್ನು ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ. ಸಾಲದ, ಜಗಳದ ಮಾತನ್ನು ಮಲಗುವ ಮುಂಚೆ ತೆಗೆಯದೆ ಅವನ ರಜೆಯ ದಿನಕ್ಕೆ ಇಟ್ಟುಕೊಳ್ಳಿ. "ಹಣ ಕಳಿಸಿದೆಯಾ?" ಎಂದು ಕೇಳುವ ಮೊದಲು "ನಿನ್ನೆ ನಿದ್ದೆ ಬಂತಾ ಮೋನೇ?" ಎಂದು ಕೇಳಿ. ಅವನು ನಿಮ್ಮಲ್ಲಿ ಸುಳ್ಳು ಹೇಳದೆ ಉತ್ತರಿಸುವಂತಾದರೆ ಅರ್ಧ ಚಿಕಿತ್ಸೆ ಅಲ್ಲೇ ಆಯಿತು.